ಸೌಳು ಮಣ್ಣಿನ ಆಣೆ

ನಮ್ಮತ್ತೆ ಚಿಕ್ಕಬೀರಮ್ಮ ಸಾಧು ಹೆಂಗಸಾಗಿದ್ದರು ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಹೇಳಿದವರು ಅವರನ್ನು ನೋಡಿಯೇ ಇಲ್ಲ. ಅವರು ಬಾಯಿ ತೆಗೆದರೆ ಕೇರಿಯೆಲ್ಲ ಎದ್ದು ಕೂರುತ್ತಿತ್ತು. ಹೊಸ ಅಗ್ರಹಾರದಿಂದ ನಾನು ಸೊಸೆಯಾಗಿ ಬಂದ ಮೊದಲ ವಾರವೇ, ಸಾರಿಗೆ ಹುಳಿ ಹೆಚ್ಚಾಯಿತೆಂದು ನಮ್ಮಪ್ಪನ ಮನೆಯ ಹಿರೀಕರನ್ನೆಲ್ಲ ಸಾಲಾಗಿ ನಿಲ್ಲಿಸಿ ಜಾಲಾಡಿಬಿಟ್ಟರು. ಆದರೆ ಅವರು ಸುಳ್ಳು ಹೇಳಿದ್ದನ್ನು ಮಾತ್ರ ನಾನು ಕೇಳಿದವಳಲ್ಲ. ಅವರ ಬದುಕಿನ ಬಗ್ಗೆ ಹೇಳು ಎಂದರೆ ನಾನು ಐವತ್ತೇಳನೇ ಇಸವಿಯ ಬೇಸಿಗೆಯನ್ನೇ ಹೇಳುತ್ತೇನೆ. ಆ ಬೇಸಿಗೆಯಲ್ಲಿ ನಾವು ಊರಲ್ಲಿ ಇರಬೇಕೋ, ಗಂಟುಮೂಟೆ ಕಟ್ಟಬೇಕೋ ಎನ್ನುವುದು ಒಂದು ಹಿಡಿ ಮಣ್ಣಿನ ಮೇಲೆ ನಿಂತಿತ್ತು.

ನಮ್ಮ ಕೊಪ್ಪಲು ಇರುವುದು ಮಿರ್ಲೆಯಿಂದ ಆಚೆ, ನಾಲೆಯ ಕೆಳಗೆ. ಮಾವ ತೀರಿಕೊಂಡ ಮೇಲೆ ಗದ್ದೆ ಎರಡು ಪಾಲಾಗಿ, ಮೇಲಿನದು ಮಾವನ ತಮ್ಮ ಸಣ್ಣಬೀರಯ್ಯನವರಿಗೆ ಹೋಯಿತು, ಕೆಳಗಿನದು ನಮಗೆ ಬಂತು. ಸಣ್ಣಬೀರಯ್ಯನವರನ್ನು ನಾನು ಚಿಕ್ಕಮಾವ ಎನ್ನುತ್ತಿದ್ದೆ. ಅತ್ತೆ ಮದುವೆಯಾಗಿ ಬಂದಾಗ ಅವರಿನ್ನೂ ಅಂಬೆಗಾಲಿಡುತ್ತಿದ್ದ ತಬ್ಬಲಿ. ಅತ್ತೆಯೇ ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದ್ದು. ಅಷ್ಟು ಮಾಡಿಸಿಕೊಂಡವರ ಜೊತೆಗೇ ಜಗಳ ಅಷ್ಟು ಜೋರಾಗಿ ಹತ್ತಿಕೊಳ್ಳುವುದು ಯಾಕೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಎರಡು ಪಾಲಿನ ನಡುವೆ ಹಿಂದಿನವರು ತೋಡಿದ್ದ ಬಸಿಗಾಲುವೆ ಇತ್ತು. ಗದ್ದೆ ಕುಡಿದು ಮಿಕ್ಕ ನೀರು ಅದರಲ್ಲಿ ಬಸಿದು ಹಳ್ಳಕ್ಕೆ ಹೋಗುತ್ತಿತ್ತು. ಪಾಲಾದ ವರ್ಷವೇ ಚಿಕ್ಕಮಾವ ಅದನ್ನು ಮುಚ್ಚಿ ಗದ್ದೆಯನ್ನು ಅಗಲ ಮಾಡಿಕೊಂಡರು. ನಾಲೆಯಲ್ಲಿ ನೀರು ಇರುವಷ್ಟು ದಿನವೂ ಗದ್ದೆ ತುಂಬಿ ತುಳುಕುತ್ತಿರಬೇಕು ಅವರಿಗೆ. ಅತ್ತೆ ಬದುವಿನ ಮೇಲೆ ಹೋಗಿ ನಿಂತು ನಮ್ಮ ಕಡೆಯ ಹೆಂಗಸರು ಸಿಟ್ಟು ನೆತ್ತಿಗೇರಿದಾಗ ಮಾಡುವುದನ್ನೇ ಮಾಡಿದರು. ಬಗ್ಗಿ ಮಣ್ಣು ತೆಗೆದು ಮೂರು ಸಲ ತೂರಿ, "ನೀರಿನ ದಾರಿ ಮುಚ್ಚಿದ್ದೀಯಲ್ಲ, ಈ ಮಣ್ಣು ನಿಂಗೆ ಅನ್ನ ಕೊಡ್ದಂಗಾಗ್ಲಿ ಕಣ್ಲಾ" ಎಂದು ಶಾಪ ಹಾಕಿದರು. ಕೊಪ್ಪಲೆಲ್ಲ ಕೇಳಿಸಿಕೊಂಡಿತು. ಸಿಟ್ಟು ಇಳಿದ ಮೇಲೆ ಅವರು ಮರೆತೇಬಿಟ್ಟರು. ಊರು ಮರೆಯಲಿಲ್ಲ.

ನಾನು ಬಂದ ವರ್ಷ ಚಿಕ್ಕಮಾವನ ಗದ್ದೆಯಲ್ಲಿ ಪೈರು ಮೇಲೇಳದೆ ಕೆಂಪಗೆ ಕುಳಿತುಬಿಟ್ಟಿತು. ಕೊಯ್ಲು ಮುಗಿದು ಬಿಸಿಲು ಏರಿದ ಹಾಗೆಲ್ಲ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಎದ್ದಿತು. ಊರಿನ ಬಟ್ಟೆ ಒಗೆಯುವ ಮಾಯಮ್ಮ ಕುಕ್ಕೆ ಹಿಡಿದು ಬಂದು, "ಅಪ್ಪಯ್ಯ, ಇಲ್ಲಿ ಸೌಳು ಚೆನ್ನಾಗದೆ, ಕೆರಕಂಡೋಗ್ಲಾ?" ಎಂದು ಕೇಳಿದಳು. ಸೌಳು ಮಣ್ಣು ಹಾಕಿ ಬೇಯಿಸಿದರೆ ಬಟ್ಟೆಯ ಕೊಳೆ ಬಿಡುತ್ತದೆ. ಅವಳು ಅದನ್ನು ಹೊಳೆದಂಡೆಯ ಬೀಳಿನಿಂದ ತರುತ್ತಿದ್ದಳೇ ಹೊರತು ಒಬ್ಬರ ಗದ್ದೆಗೂ ಅದಕ್ಕಾಗಿ ಬಂದವಳಲ್ಲ. ಚಿಕ್ಕಮಾವ ಅವಳನ್ನು ಬೈದು ಅಟ್ಟಿದರು. ಆದರೆ ಅವತ್ತಿನಿಂದ ಅವರಿಗೆ ಊಟ ಸೇರಲಿಲ್ಲವೆಂದು ಅವರ ಹೆಂಡತಿಯೇ ಹೇಳಿಕೊಂಡು ತಿರುಗಿದರು. ಬೀಳಿನಲ್ಲಿ ಸೌಳು ಇರುವುದು ಎಲ್ಲರಿಗೂ ಗೊತ್ತು. ತಾತನ ಕಾಲದಿಂದ ಉಂಡ ಗದ್ದೆಗೆ ಅದು ಎಲ್ಲಿಂದ ಬರಬೇಕು?

ಆಗ ಬಂದವರು, ಬೇಸಾಯಕ್ಕೆ ಸಲಹೆ ಕೊಡಲು ಸರ್ಕಾರ ನೇಮಿಸಿದ್ದ ಗ್ರಾಮಸೇವಕರಾದ ವೀರಭದ್ರಸ್ವಾಮಿ. ಪಿರಿಯಾಪಟ್ಟಣದ ಕಡೆಯವರು, ಹೊಸ ಸೈಕಲ್ಲು, ಹೊಸ ಕೆಲಸ, ಮಾತು ಸ್ವಲ್ಪ ಜಾಸ್ತಿ. ಚಿಕ್ಕಮಾವನ ಗದ್ದೆಯಲ್ಲಿ ಅಲ್ಲಲ್ಲಿ ಅಗೆದು ಬಟ್ಟೆ ಚೀಲಕ್ಕೆ ಮಣ್ಣು ತುಂಬಿಕೊಂಡರು. ಪರೀಕ್ಷೆಗೆ ಕಳಿಸುತ್ತೇನೆ ಎಂದಾಗ ಊರಿನ ಮುದುಕರು ಇದು ಕಂದಾಯ ಏರಿಸುವ ಹೂಟ ಎಂದುಕೊಂಡರು. ಹಿಂದೆ ಅಳತೆಗೆ ಬಂದ ಸೆಟ್ಲ್‌ಮೆಂಟಿನವರೂ ಹೀಗೇ ಮಣ್ಣು ಹಿಸುಕಿ, ಬಣ್ಣ ನೋಡಿ, ಎರೆಗೆ ಇಷ್ಟು, ಕೆಮ್ಮಣ್ಣಿಗೆ ಇಷ್ಟು ಎಂದು ಕಂದಾಯ ಕಟ್ಟಿ ಹೋಗಿದ್ದರಂತೆ. ಸ್ವಾಮಿಯವರು ನಕ್ಕರು. "ಅವರು ನೋಡಿದ್ದು ಈ ಮಣ್ಣಿನಿಂದ ಸರ್ಕಾರಕ್ಕೆ ಎಷ್ಟು ಬರುತ್ತೆ ಅಂತ. ಈಗ ನೋಡೋದು ಮಣ್ಣಿಗೆ ಏನು ಕಾಯಿಲೆ ಅಂತ. ಮಣ್ಣನ್ನ ನೀರಲ್ಲಿ ಕದಡಿ, ಸೋಸಿ, ಗಾಜಿನ ಕೊಳವೇಲಿ ಹಾಕಿ ನೋಡ್ತಾರೆ. ಇದನ್ನೇ ಓದಿ ಇದರಲ್ಲೇ ತಲೆ ಹಣ್ಣು ಮಾಡ್ಕೊಂಡವರು ಇದ್ದಾರೆ" ಎಂದರು. ಮಣ್ಣಿಗೂ ವೈದ್ಯರಿದ್ದಾರೆ ಎಂದು ನಾನು ಕೇಳಿದ್ದು ಅವತ್ತೇ.

ಪರೀಕ್ಷೆ ಮುಗಿದು ಅವರು ಮತ್ತೆ ಬಂದಾಗ ಚಾವಡಿಯಲ್ಲಿ ಊರು ಸೇರಿತ್ತು. ಸ್ವಾಮಿಯವರು ನಿಂತು, "ಮಣ್ಣಲ್ಲಿ ಉಪ್ಪು ಮಿತಿಮೀರಿದೆ" ಎಂದರು. ಆ ಪುಣ್ಯಾತ್ಮ ಅದನ್ನು ಕೊನೆಗೆ ಹೇಳಬಾರದಿತ್ತೇ! ಮೊದಲೇ ಹೇಳಿಬಿಟ್ಟರು. ಆಮೇಲೆ ಅವರು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ನೆಲದಡಿ ನೀರು ನಿಂತಿದೆ, ಬಿಸಿಲಿಗೆ ಆ ನೀರು ಮೇಲಕ್ಕೆ ಏರಿ ಆರುವಾಗ ಒಳಗಿನ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ, ಮುಚ್ಚಿದ ಬಸಿಗಾಲುವೆ ತೆಗೆಯಬೇಕು ಎಂದು ಅವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರೆ, ಚಿಕ್ಕಮಾವ ಎದ್ದು ನಿಂತಿದ್ದರು.

"ಕೇಳುಸ್ಕಂಡ್ರಾ? ಉಪ್ಪಂತೆ! ಉಪ್ಪು ಕಾಲು ಬಂದು ನಡ್ಕಂಡು ಬತ್ತದಾ? ಸಾಲಿಗ್ರಾಮದ ಸಂತೇಲಿ ಅತ್ಗೆ ಉಪ್ಪಿನ ಮೂಟೆ ಹೊರುಸ್ಕಂಡು ಬಂದುದ್ದ ನಾನೇ ಕಣ್ಣಾರೆ ನೋಡಿವ್ನಿ. ಬಸಿಗಾಲುವೆ ತೆಗೀಬೇಕು ಅಂತ ಈ ಸ್ವಾಮೇರ್ಗೆ ಏಳ್ಕೊಟ್ಟೋರು ಯಾರು?"

"ಆ ಉಪ್ಪು ಮಾವಿನಕಾಯಿಗೆ ಕಣ್ಲಾ ಮುಂಡೇದೆ!" ಎಂದು ಅತ್ತೆ ಹೆಂಗಸರ ಕಡೆಯಿಂದ ಕೂಗಿದರು. ಯಾರೂ ನಗಲಿಲ್ಲ. ಮಣ್ಣು ತೂರಿ ಹಾಕಿದ ಶಾಪ ಎಲ್ಲರ ತಲೆಯಲ್ಲೂ ಓಡುತ್ತಿತ್ತು.

ಪಟೇಲ್ ಚನ್ನಬಸವಣ್ಣನವರು ಕೆಟ್ಟವರಲ್ಲ, ಆದರೆ ಊರು ಒಡೆಯುವುದನ್ನು ಕಂಡರೆ ಅವರಿಗೆ ಭಯ. ಸೋಮವಾರ ಬೀರಪ್ಪನ ಗುಡಿ ಮುಂದೆ ಮಣ್ಣಿನ ಆಣೆ ಆಗಲಿ ಎಂದುಬಿಟ್ಟರು. ನೆಲದ ವ್ಯಾಜ್ಯಕ್ಕೆ ನಮ್ಮಲ್ಲಿ ಆಣೆಯೆಂದರೆ ಅದೇ ನೆಲದ ಒಂದು ಹಿಡಿ ಮಣ್ಣು ತಿನ್ನುವುದು. ಮೊದಲು ಅಪವಾದ ಹೊತ್ತವರು ತಿನ್ನಬೇಕು, ಆಮೇಲೆ ಹೊರಿಸಿದವರು. ಪೂಜಾರಿ ಗುಡಿಯನ್ನು ಮೂರು ಸುತ್ತು ಬರುವವರೆಗೆ ಅದು ಹೊಟ್ಟೆಯಲ್ಲಿ ನಿಲ್ಲಬೇಕು. ಕಕ್ಕಿದವರು ಸುಳ್ಳರು. ಅತ್ತೆ ಕಕ್ಕಿದರೆ ನಮ್ಮ ಪಾಲು ಚಿಕ್ಕಮಾವನಿಗೆ ಸೇರಿ, ಅಮಾವಾಸ್ಯೆಯೊಳಗೆ ನಾವು ಊರು ಬಿಡಬೇಕು.

ಸ್ವಾಮಿಯವರ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಪಟೇಲರೇ, ಈ ಮಣ್ಣು ಯಾರ ಹೊಟ್ಟೇಲೂ ನಿಲ್ಲೋದಿಲ್ಲ. ಸತ್ಯ ಹೇಳಿದರೂ ಅಷ್ಟೇ, ಸುಳ್ಳು ಹೇಳಿದರೂ ಅಷ್ಟೇ" ಎಂದು ಅಂಗಲಾಚಿದರು. ಪಟೇಲರು, "ನಿಮ್ಮ ಸೀಸೆಯೊಳಗಿನ ಲೆಕ್ಕ ಬ್ಯಾರೆ, ಬೀರಪ್ಪನ ಲೆಕ್ಕ ಬ್ಯಾರೆ ಸ್ವಾಮಿ" ಎಂದು ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದರು.

ಅಲ್ಲಿಂದ ಸೋಮವಾರದವರೆಗೆ ನಮ್ಮ ಮನೆಯಲ್ಲಿ ಒಲೆ ಉರಿದದ್ದೂ ಗೊತ್ತಿಲ್ಲ, ಆರಿದ್ದೂ ಗೊತ್ತಿಲ್ಲ. ನನ್ನ ಗಂಡ ಕುಳ್ಳಯ್ಯ ಎತ್ತಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ಸರಗೂರಿನಲ್ಲಿ ನೆಂಟರಿದ್ದಾರೆ, ಆಣೆಗೆ ಮುಂಚೆಯೇ ಹೋಗಿಬಿಡೋಣ ಎಂದು ಒಮ್ಮೆ ಬಾಯಿಬಿಟ್ಟರು. ಅತ್ತೆ ತಿರುಗಿ ನೋಡಿದ ನೋಟಕ್ಕೆ ಮತ್ತೆ ಆ ಮಾತೆತ್ತಲಿಲ್ಲ. ನಮ್ಮವ್ವ ಹೊಸ ಅಗ್ರಹಾರದಿಂದ ಹೇಳಿ ಕಳಿಸಿದಳು, ನೀನಾದರೂ ಬಂದುಬಿಡು ಮಗಳೇ ಎಂದು. ಹೋಗಬೇಕು ಎಂದು ನನಗೆ ಅನ್ನಿಸಿದ್ದು ನಿಜ. ಅತ್ತೆಯ ಬಾಯಿಗೆ ಹೆದರಿ ಅಲ್ಲ. ಇವರೇ ಮಾಡಿರಬಹುದೇನೋ ಎನ್ನುವ ಅನುಮಾನ ನನ್ನನ್ನೂ ತಿನ್ನುತ್ತಿತ್ತು.

ಆ ಅನುಮಾನ ಭಾನುವಾರ ಬೆಳಿಗ್ಗೆ ಮೂಳೆಗೆ ಇಳಿಯಿತು. ಸಗಣಿ ಬಾಚಲು ಕೊಟ್ಟಿಗೆಗೆ ಹೋದವಳು, ಮೂಲೆಯ ಹುಲ್ಲು ಸರಿಸಿದೆ. ಅದರಡಿ ಒಂದು ಮಂಕರಿ. ಮಂಕರಿಯ ತುಂಬ ಬಿಳೀ ಸೌಳು. ಊರಿನವರು ಇದನ್ನು ನೋಡಿದರೆ ಆಣೆಯವರೆಗೂ ಕಾಯುವವರಲ್ಲ. ಹಿಂದೆ ಹೆಜ್ಜೆಯ ಸದ್ದಾಯಿತು, ತಿರುಗಿದರೆ ಅತ್ತೆ.

"ನೋಡ್ಬುಟ್ಟಾ?" ಎಂದರು. ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು. "ಬಾ" ಎಂದು ಮುಂದೆ ನಡೆದರು.

ನಮ್ಮ ಗದ್ದೆಯ ಮೇಲ್ಬದಿಯಲ್ಲಿ, ಬದುವಿಗೆ ಒತ್ತಿಕೊಂಡು ಹುಲ್ಲು ಹಾಸಿತ್ತು. ದನ ಮೇಯಲೆಂದು ಹರಡಿದ್ದಾರೆ ಎಂದುಕೊಂಡಿದ್ದೆ ನಾನು. ಅತ್ತೆ ಕಾಲಿನಿಂದ ಹುಲ್ಲು ಸರಿಸಿದರು. ಕೆಳಗೆ ನೆಲ ಬೆಳ್ಳಗೆ ಹೊಪ್ಪಳಿಸಿತ್ತು. ನಮ್ಮ ಗದ್ದೆಯೂ ಹೋಗಿತ್ತು.

"ದಿನಾ ಬೆಳಕರಿಯೋಕ್ ಮುಂಚೆ ಬಂದು ಕೆರೀತೀನಿ. ಮಾರ್ನೆ ದಿನ ಅಂಗೇ ಎದ್ದಿರ್ತದೆ. ಹಳ್ಳಕ್ ಸುರಿಯಾನಾ ಅಂದ್ರೆ ಯಾರಾದ್ರೂ ನೋಡ್ತಾರೆ."

"ಇದ್ನ ಊರಿಗೆ ತೋರ್ಸಿ ಅತ್ತೆ! ನಿಮ್ಮ ಗದ್ದೆಗೆ ನೀವೇ ಉಪ್ಪು ಸುರ್ಕತೀರಾ?"

"ತೋರ್ಸುದ್ರೆ ಏನಂತಾರೆ ಗೊತ್ತಾ? ಚಿಕ್ಕಬೀರಿ ಹಾಕಿದ್ ಶಾಪ ಅವ್ಳಿಗೇ ಸುತ್ಕತು ಅಂತಾರೆ. ನಂಗೂ ಅಂಗೇ ಅನ್ಸ್ತದೆ ಕಣೆ ಕೆಂಪಾಜಿ. ಮಣ್ಣ ತೂರ್ದೋಳು ನಾನೇ ಅಲ್ವಾ?" ಅಷ್ಟು ಹೇಳಿ, ಆ ಗಟ್ಟಿಗಿತ್ತಿ ಬದುವಿನ ಮೇಲೆ ಕುಳಿತು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅವರನ್ನು ಕಂಡರೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿ, ಆ ಬಿಳೀ ನೆಲದ ಮೇಲೆ. ಅವ್ವನಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದೆ.

ಪ್ರೀತಿ ಹುಟ್ಟಿದ ಮೇಲೆ ಬುದ್ಧಿ ಓಡಲೇಬೇಕಲ್ಲ. ಗುಡ್ಡದ ಕಡೆಯಿಂದ ಒಳ್ಳೆಯ ಕೆಮ್ಮಣ್ಣು ತಂದು, ಜರಡಿ ಹಿಡಿದು, ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಪೊಟ್ಟಣ ಕಟ್ಟಿದೆ. ಸೋಮವಾರ ಬೆಳಿಗ್ಗೆ ಅತ್ತೆಯ ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಹಾಕುವಾಗ ಬದಲಾಯಿಸಿಬಿಡಿ ಎಂದೆ. ಅವರು ಪೊಟ್ಟಣ ಬಿಚ್ಚಿ ನೋಡಿ ತಿಪ್ಪೆಗೆ ಎಸೆದರು. "ಬೀರಪ್ಪನ ಮುಂದೆ ಕಳ್ತನ ಮಾಡಿ ಈ ಊರಲ್ಲಿ ಉಣ್ಣಾದಾ? ಥೂ" ಎಂದರು. ಆಮೇಲೆ ಕೊಟ್ಟಿಗೆಗೆ ಹೋಗಿ ಆ ಮಂಕರಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟರು. ನಾನು ಹಿಂದೆಯೇ ಓಡಿದೆ.

ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಮಾವ ತಮ್ಮ ಗದ್ದೆಯ ಮಣ್ಣನ್ನು ಮುತ್ತುಗದ ಎಲೆಯಲ್ಲಿ ತಂದಿದ್ದರು. ಅತ್ತೆ ಮಂಕರಿಯಿಂದ ಒಂದು ಬೊಗಸೆ ತೆಗೆದು ಅದರ ಪಕ್ಕದ ಎಲೆಗೆ ಸುರಿದರು. "ಪಟೇಲ್ರೇ, ಒಂದು ಅವನ ಗದ್ದೇದು, ಒಂದು ನಂದು. ಯಾವ್ದು ಯಾರ್ದು ಅಂತ ಏಳಿ ನೋಡಾನ" ಎಂದರು. ಪಟೇಲರು ಬಗ್ಗಿದರು, ಎರಡನ್ನೂ ಬೆರಳಿನಲ್ಲಿ ತಿಕ್ಕಿದರು, ವ್ಯತ್ಯಾಸ ಸಿಗಲಿಲ್ಲ. ಸ್ವಾಮಿಯವರು ಗುಂಪಿನ ಹಿಂದಿನಿಂದ, "ಎರಡೂ ಒಂದೇ ಕಾಯಿಲೆ ಕಣ್ರೀ, ಒಂದೇ ನೀರು" ಎಂದು ಕೂಗಿದರು.

"ಮಂಕ್ರಿಗಟ್ಟಲೆ ಮನೇಲಿ ಮಡಿಕ್ಕಂಡವ್ಳೆ ನೋಡಿ! ಇದ್ನೇ ತಂದು ಸುರ್ದಿರಾದು!" ಎಂದರು ಚಿಕ್ಕಮಾವ. ಗುಂಪು ಹೋ ಎಂದಿತು. ಗದ್ದೆಗೆ ಹೋಗಿ ನೋಡಿ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಹೊಸ ಸೊಸೆಯ ಮಾತು ಯಾರು ಕೇಳಬೇಕು? ಪಟೇಲರು ಕೈ ಎತ್ತಿ, "ಸಾಕು, ಆಣೆ ಆಗೋಗ್ಲಿ" ಎಂದರು.

ಅತ್ತೆ ತಮ್ಮ ಎಲೆಯಿಂದಲೇ ಒಂದು ಹಿಡಿ ತೆಗೆದುಕೊಂಡು, "ನಾನು ಉಪ್ಪು ಸುರ್ದಿಲ್ಲ ಬೀರಪ್ಪ" ಎಂದು ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿದರು. ಪೂಜಾರಿ ಗಂಟೆ ಆಡಿಸುತ್ತ ಸುತ್ತು ಹೊರಟ. ಮೊದಲನೇ ಸುತ್ತಿಗೆ ಅತ್ತೆಯ ತುಟಿ ಬಿಳುಚಿತು. ಎರಡನೇ ಸುತ್ತಿನಲ್ಲಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡರು. ನಾನು ಬೀರಪ್ಪನಿಗೆ ಏನೇನು ಹರಸಿಕೊಂಡೆನೋ ದೇವರಿಗೇ ಗೊತ್ತು. ಪೂಜಾರಿ ಮೂರನೇ ಸುತ್ತಿಗೆ ತಿರುಗುವಷ್ಟರಲ್ಲಿ ಅವರು ಮಂಡಿಯೂರಿ ಭಡಭಡನೆ ಕಕ್ಕಿಬಿಟ್ಟರು.

"ಕಕ್ಕುದ್ಲು! ಕಕ್ಕುದ್ಲು!" ಎಂದು ಗುಂಪಿನಲ್ಲಿ ಎದ್ದ ಕೂಗು ಇವತ್ತೂ ನನ್ನ ಕಿವಿಯಲ್ಲಿದೆ. ನನ್ನ ಗಂಡ ತಲೆ ತಗ್ಗಿಸಿ ನಿಂತರು. ಎಲ್ಲ ಮುಗಿಯಿತು ಎಂದುಕೊಂಡೆ. ವಿಚಿತ್ರವೆಂದರೆ ಚಿಕ್ಕಮಾವನ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಪಟೇಲರು ತೀರ್ಮಾನ ಹೇಳಲು ಗಂಟಲು ಸರಿಮಾಡಿಕೊಂಡರು.

ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ನೆಲಕ್ಕೆ ಕೈ ಊರಿಯೇ ಎದ್ದರು. "ಇನ್ನೂ ಮುಗ್ದಿಲ್ಲ ಪಟೇಲ್ರೇ. ಆಣೆ ಕೇಳ್ದೋನೂ ತಿನ್ಬೇಕು."

ಕಟ್ಟಳೆ ಕಟ್ಟಳೆಯೇ. ಚಿಕ್ಕಮಾವ ಮುಂದೆ ಬಂದು, "ಅತ್ಗೆಯೇ ಸುರ್ದಿರಾದು" ಎಂದು ತಮ್ಮ ಎಲೆಯ ಮಣ್ಣನ್ನು ಬಾಯಿಗೆ ಹಾಕಿಕೊಂಡು ನುಂಗಿದರು. ಪೂಜಾರಿ ಮತ್ತೆ ಹೊರಟ. ಒಂದನೇ ಸುತ್ತು. ಚಿಕ್ಕಮಾವ ಕಂಬದಂತೆ ನಿಂತಿದ್ದರು. ಎರಡನೇ ಸುತ್ತು. ಹಣೆಯಿಂದ ಬೆವರು ಇಳಿಯಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಹಲ್ಲು ಕಚ್ಚಿ ನಿಂತೇ ಇದ್ದರು. ಅವರ ಹಟ ಕೊಪ್ಪಲಿಗೆಲ್ಲ ಗೊತ್ತಿದ್ದದ್ದೇ. ಪೂಜಾರಿ ಮೂರನೇ ಸುತ್ತಿನಲ್ಲಿ ಗುಡಿಯ ಹಿಂದಕ್ಕೆ ಮರೆಯಾದ. ಗಂಟೆಯ ಸದ್ದು ಮಾತ್ರ ಈ ಕಡೆಗೆ ಬರುತ್ತಿತ್ತು.

ಆಗ ಅತ್ತೆ ಚಿಕ್ಕಮಾವನ ಕಡೆ ನಡೆದರು. ಹೊಡೆಯಲು ಹೋಗುತ್ತಿದ್ದಾರೆ ಎಂದೇ ಎಲ್ಲರೂ ಅಂದುಕೊಂಡರು. ಇಬ್ಬರು ಗಂಡಸರು ತಡೆಯಲು ಮುಂದಾದರು. ಅತ್ತೆ ಅವರನ್ನು ಪಕ್ಕಕ್ಕೆ ತಳ್ಳಿ, ಒಂದು ಕೈಯನ್ನು ಮೈದನ ಹಣೆಗೆ ಒತ್ತಿ ಇನ್ನೊಂದು ಕೈಯಲ್ಲಿ ಬೆನ್ನು ನೀವಿದರು. "ಕಕ್ಕೋ ಮಗ. ಒಳೀಕೆ ಮಡೀಕಬ್ಯಾಡ, ಕಕ್ಕೋ."

ಆ ಗಟ್ಟಿಮುಟ್ಟಾದ ಗಂಡಸು ಎರಡಾಗಿ ಬಾಗಿ, ಅತ್ತೆಯ ಕಾಲಿನ ಮೇಲೇ ಕಕ್ಕಿದರು. ಮೂಲೆ ತಿರುಗಿ ಬಂದ ಪೂಜಾರಿ ಗಂಟೆ ನಿಲ್ಲಿಸಿದ. ಚಿಕ್ಕಮಾವ ಅತ್ತೆಯ ತೋಳು ಹಿಡಿದುಕೊಂಡು ಮತ್ತೆ ಮತ್ತೆ ಕಕ್ಕಿದರು. ಅತ್ತೆ ಹಣೆಯಿಂದ ಕೈ ತೆಗೆಯಲಿಲ್ಲ.

ಇಬ್ಬರೂ ಕಕ್ಕಿದ ಆಣೆಯನ್ನು ಯಾರೂ ಕಂಡಿರಲಿಲ್ಲ. ಪಟೇಲರು ಎರಡು ಎಲೆಗಳನ್ನೂ ನೋಡಿದರು, ಇಬ್ಬರ ಮುಖವನ್ನೂ ನೋಡಿದರು. ಕೊನೆಗೆ, "ಮಣ್ಣೇ ಕೆಟ್ಟದೆ ಕಣ್ರಪ್ಪ" ಎಂದರು. ಸ್ವಾಮಿಯವರು ಅಷ್ಟು ದಿನದಿಂದ ಬಡಕೊಂಡಿದ್ದೂ ಅದನ್ನೇ. ಊರು ಬಿಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬಸಿಗಾಲುವೆಗೆ ಮೊದಲ ಗುದ್ದಲಿ ಹಾಕಿದವರು ಚಿಕ್ಕಮಾವನೇ. ಹಸಿರುಗೊಬ್ಬರ ಹಾಕಿ, ಮಳೆನೀರಲ್ಲಿ ತೊಳೆದು ತೊಳೆದು ಎರಡು ಗದ್ದೆಯೂ ಒಂದು ಹದಕ್ಕೆ ಬರಲು ವರ್ಷಗಳೇ ಹಿಡಿದವು. ಅಷ್ಟು ವರ್ಷವೂ ಅತ್ತೆ ಮೈದನನ್ನು ಬೈಯುವುದನ್ನು ಬಿಡಲಿಲ್ಲ.

ಆಣೆಯ ದಿನ ಸಂಜೆ ಅವರ ಕಾಲಿಗೆ ಬಿಸಿನೀರು ಹುಯ್ಯುತ್ತ ನಾನು ಕೇಳಿದೆ. "ಅಷ್ಟೆಲ್ಲ ಅಂದೋರು ಅವರು. ಅವರ ಹಣೆ ಹಿಡಿಯಾಕೆ ಮನಸ್ಸಾದ್ರೂ ಹೆಂಗ್ ಬಂತು ಅತ್ತೆ?"

"ಮನ್ಸೂ ಇಲ್ಲ ಗಿನ್ಸೂ ಇಲ್ಲ, ಸುಮ್ನಿರು" ಎಂದರು ಅತ್ತೆ. "ಮೂರ್ನೇ ಸುತ್ತು ಮುಗೀತಾ ಬಂದಿತ್ತು. ಇನ್ನೊಂದು ಗಳಿಗೆ ತಡುದ್ರೆ ನಾವು ಬೀದಿಗೆ ಬೀಳ್ತಿದ್ದೋ. ಅವ್ನು ಸಣ್ಣೋನಿದ್ದಾಗ್ಲೂ ಅಂಗೇಯ. ಹೊಟ್ಟೆ ಎಷ್ಟು ಕೆಟ್ರೂ ಹಲ್ಲು ಕಚ್ಕಂಡು ಕೂತಿರೋನು. ನಾನು ಹಣೆ ಹಿಡುದ್ರೇನೇ ಕಕ್ಕೋನು, ಬ್ಯಾರೆ ಯಾರ ಕೈಗೂ ಬಗ್ತಿರ್ಲಿಲ್ಲ."